ನೀಲವ್ವ ಹೇಳಿದ್ದು, ನಾನು ಹೇಳಿದ್ದು

ಎಂಟುನೂರ ಐವತ್ತು ರೂಪಾಯಿ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನು ಸಾವಿರದ ಆರುನೂರು ಹೇಳಿದ್ದ. ಎರಡು ಸಲ ಮೆಟ್ಟಿಲಿಳಿದು ಹೋದಂತೆ ಮಾಡಿದೆ, ಅವನು ಕದಲಲಿಲ್ಲ. ಮೂರನೇ ಸಲ ನಿಜವಾಗಿಯೂ ರಸ್ತೆ ದಾಟಿದೆ. ಆಗ ಅವನೇ ಕೂಗಿ ಕರೆದು ಕೊಟ್ಟ. ತಲೆಗೆ ಸಿಕ್ಕಿಸಿಕೊಳ್ಳುವ ಮೈಕು, ಸೊಂಟಕ್ಕೆ ಬೆಲ್ಟಿನಲ್ಲಿ ಕಟ್ಟಿಕೊಳ್ಳುವ ಸ್ಪೀಕರ್ ಡಬ್ಬಿ. ಫುಟ್‌ಪಾತಿನಲ್ಲಿ ಬೆಡ್‌ಶೀಟ್ ಮಾರುವವರು ಹಾಕಿಕೊಂಡು ಕೂಗುತ್ತಾರಲ್ಲ, ಅದೇ. ತೆಗೆದುಕೊಂಡದ್ದು ಯಾಕೆಂದರೆ, ಸ್ಕಾಟ್ಲೆಂಡಿನಿಂದ ಬಂದ ಅರವತ್ತೆರಡು ವರ್ಷದ ಒಬ್ಬ ಟೀಚರಿನ ದನಿ ತಗಡಿನ ಮಾಡಿನ ಮೇಲೆ ಬೀಳುವ ಜುಲೈ ಮಳೆಯನ್ನು ದಾಟಿ ಎಪ್ಪತ್ತನಾಲ್ಕು ಮಕ್ಕಳ ಕಿವಿಗೆ ತಲುಪಬೇಕಿತ್ತು.

ಇದು ಕಣ್ಣಿಗೆ ಕಾಣುವ ಖರ್ಚು. ಉಳಿದದ್ದನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ಮಳೆಗಾಲ ಹಿಡಿಯಿತು.

ಈ ಜೂನಿನಲ್ಲಿ ಶಾಲೆಗೆ ನೋಟ್‌ಬುಕ್ ಕೊಡಲು ಹೋಗಿದ್ದೆ. ಹೆಡ್‌ಮಿಸ್ಟ್ರೆಸ್ ಕುಲಕರ್ಣಿ ಟೀಚರು ಆಫೀಸಿನ ಕಬ್ಬಿಣದ ಕಪಾಟು ತೆಗೆದು, ಮೇಲಿನ ಖಾನೆಯಲ್ಲಿ ಜಾಗ ಮಾಡಿ ಅಂದರು. ಅಲ್ಲಿ ಹಳೆಯ ನಕಾಶೆಗಳ ಹಿಂದೆ ಆ ಮೈಕು ಬಿದ್ದಿತ್ತು. ತಂತಿ ಅಂಟಂಟು. ಬಾಯಿಗೆ ಬರುವ ಕಪ್ಪು ಸ್ಪಂಜನ್ನು ಮೂಗಿಗೆ ಹಿಡಿದೆ. ಮುಗ್ಗಲು ವಾಸನೆ, ಅದರೊಳಗೆ ತೆಳ್ಳಗೆ ಲವಂಗದ ವಾಸನೆ. ಆ ಸ್ಕಾಟ್ಲೆಂಡಿನ ಟೀಚರು, ರೂತ್ ಮಿಸ್, ಗಂಟಲು ನೋವಿಗೆಂದು ಪಾಠದ ಉದ್ದಕ್ಕೂ ಕೆನ್ನೆಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದರು. ಆ ಅಭ್ಯಾಸ ಮಾಡಿಸಿದ್ದು ಕುಲಕರ್ಣಿ ಟೀಚರೇ. ನಾನು ಮೈಕನ್ನು ಯಾರಿಗೂ ಕಾಣದಂತೆ ಬ್ಯಾಗಿಗೆ ಹಾಕಿಕೊಂಡೆ. ಸ್ವಂತ ದುಡ್ಡಿನ ಮೈಕು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೂ ಕದ್ದವನ ಹಾಗೆ ಲೋಕಲ್ ಹತ್ತಿದೆ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಕುಂದಾಪುರದ ಹತ್ತಿರದವ. ಮುಂಬಯಿಗೆ ಬಂದು ಮಾಟುಂಗದ ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ನೈಟ್ ಸ್ಕೂಲಿನಲ್ಲಿ ಎಸ್ಸೆಸ್ಸಿ ಮುಗಿಸಿದವ. ಇಂಗ್ಲಿಷ್ ಕಲಿತದ್ದು ಗಿರಾಕಿಗಳ ಬಾಯಿ ನೋಡಿ. ಈಗ ದಾದರಿನಲ್ಲಿ ಸ್ಟೇಷನರಿಯ ಹೋಲ್‌ಸೇಲ್ ಅಂಗಡಿ ಇದೆ. ಸಯನ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಈ ಕನ್ನಡ ಶಾಲೆಯ ಕಮಿಟಿಯಲ್ಲಿ ಇದ್ದೇನೆ. ಬೆಂಚು, ಫ್ಯಾನು, ಪೇಂಟು, ಏನನ್ನಾದರೂ ಕಡಿಮೆಗೆ ತರಬೇಕಾದರೆ "ಶೇಖರಣ್ಣನಿಗೆ ಹೇಳಿ" ಎನ್ನುತ್ತಾರೆ. ಆ ಮಾತು ಕೇಳಲು ನನಗೆ ಬಹಳ ಇಷ್ಟ. ನಮ್ಮ ಕರಾವಳಿಯವರ ಮಕ್ಕಳು ಯಾರೂ ಈಗ ಆ ಶಾಲೆಗೆ ಬರುವುದಿಲ್ಲ. ನನ್ನ ಮಗಳು ಓದಿದ್ದೂ ಇಂಗ್ಲಿಷ್ ಮೀಡಿಯಮ್ಮಿನಲ್ಲೇ. ಬರುವವರು ಬಿಜಾಪುರ, ಬಾಗಲಕೋಟೆ, ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮಕ್ಕಳು. ಮೈಕು ಕೊಂಡ ಆ ವರ್ಷ, ಅಂದರೆ ಮೂರು ವರ್ಷದ ಹಿಂದೆ, ಇಂಗ್ಲಿಷ್ ಟೀಚರು ಬಿಟ್ಟುಹೋಗಿದ್ದರು. ಐದು, ಆರು, ಏಳನೇ ಕ್ಲಾಸುಗಳನ್ನು ಶಾಲೆಯ ದೊಡ್ಡ ಹಾಲಿನಲ್ಲಿ ಒಟ್ಟಿಗೆ ಕೂರಿಸಿದರೆ ಎಪ್ಪತ್ತನಾಲ್ಕು ತಲೆ.

ಪರದೇಶದ ನಿವೃತ್ತ ಟೀಚರುಗಳನ್ನು ಇಲ್ಲಿನ ಬಡ ಶಾಲೆಗಳಿಗೆ ಕಳಿಸುವ ಒಂದು ಸಂಸ್ಥೆ ಇದೆ ಎಂದು ಗಿರಾಕಿಯೊಬ್ಬ ಹೇಳಿದ. ನಾನು ಫೋನು ಮಾಡಿ, ಬೆನ್ನು ಬಿದ್ದು, ಒಪ್ಪಿಸಿದೆ. ಅವರ ಲೆಕ್ಕ ಹೀಗಿತ್ತು: ನಾಲ್ಕು ಶಾಲೆಗಳಿಗೆ ಒಂದೊಂದು ಟರ್ಮ್ ಟೀಚರು ಬರುತ್ತಾರೆ. ಸಂಸ್ಥೆಯವರು ಬಂದು ನೋಡುತ್ತಾರೆ. ಆಮೇಲೆ ಒಂದೇ ಶಾಲೆಗೆ ಇನ್ನೂ ಎರಡು ವರ್ಷ ಟೀಚರನ್ನು ಕೊಡುತ್ತಾರೆ. ಫಾರ್ಮು ಹನ್ನೊಂದು ಪುಟ. ಅದರಲ್ಲಿ ನಾನು ಓದಿದ್ದು ಎರಡೇ ಜಾಗ, ನಾವು ಕೊಡಬೇಕಾದ್ದೆಷ್ಟು ಮತ್ತು ಸಹಿ ಎಲ್ಲಿ ಹಾಕಬೇಕು. ಎರಡು ವರ್ಷದ ಟೀಚರು ನಮಗೇ ಸಿಗಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ರೂತ್ ಮಿಸ್ ಜೂನಿನ ಕೊನೆಗೆ ಬಂದರು. ತೆಳ್ಳಗೆ ಎತ್ತರದ ಹೆಂಗಸು, ಮೊಣಕಾಲು ನೋವು, ದಾದರ್ ಮಾರ್ಕೆಟ್ಟಿನಲ್ಲಿ ಕೊಂಡ ಪ್ಲಾಸ್ಟಿಕ್ ಚಪ್ಪಲಿ. ಮೊದಲ ದಿನ ಹಾಲಿಗೆ ಕಾಲಿಟ್ಟಾಗ ಎಪ್ಪತ್ತನಾಲ್ಕು ಮಕ್ಕಳು ಎದ್ದು ನಿಂತು "ಗು...ಡ್ ಮಾ...ರ್ನಿಂ...ಗ್ ಟೀ...ಚ...ರ್" ಎಂದು ರಾಗ ಎಳೆದ ಸದ್ದಿಗೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಊರಿನ ಕ್ಲಾಸಿನಲ್ಲಿ ಹದಿನೆಂಟು ಮಕ್ಕಳಂತೆ. ಇಲ್ಲಿ ಒಂದು ಬೆಂಚಿಗೆ ಐವರು, ಉಳಿದವರು ಜಮಖಾನೆಯ ಮೇಲೆ, ಕಿಟಕಿಯ ಆಚೆ ನಿಮಿಷಕ್ಕೊಂದು ಲೋಕಲ್, ಮೇಲೆ ತಗಡು. ಅವರು ನಲವತ್ತು ನಿಮಿಷ ಮಾತಾಡಿದರು. ಮೂರನೇ ಸಾಲಿನ ಹಿಂದೆ ಒಂದಕ್ಷರ ಮುಟ್ಟಲಿಲ್ಲ. ಆಮೇಲೆ ಆಫೀಸಿನಲ್ಲಿ ಚಹಾ ಕುಡಿಯುತ್ತ, "ಈ ಮಕ್ಕಳು ಸುಮ್ಮನಿರುವುದು ಗೊತ್ತಿಲ್ಲದೆಯೋ, ನನ್ನ ಮೇಲಿನ ಮರ್ಯಾದೆಗೋ, ನನಗೆ ತಿಳಿಯುತ್ತಿಲ್ಲ" ಅಂದರು.

ಮೈಕು ತಂದದ್ದು ಆಗ. ದನಿಯೇನೋ ಮುಟ್ಟಿತು, ಅರ್ಥ ಮುಟ್ಟಬೇಕಲ್ಲ? ಬೇರೆ ಟೀಚರುಗಳಿಗೆ ಬಿಳಿಯರ ಇಂಗ್ಲಿಷಿನ ಎದುರು ನಿಲ್ಲಲು ನಾಚಿಕೆ. ಹಾಗಾಗಿ ದಿನಾ ಹನ್ನೊಂದರಿಂದ ಹನ್ನೆರಡು, ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ನಾನೇ ಹೋಗಿ ಅವರ ಪಕ್ಕ ನಿಂತೆ. ಅವರು ಹೇಳುವುದನ್ನು ಕನ್ನಡದಲ್ಲಿ ಹೇಳುವುದು, ಮಕ್ಕಳು ಕೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಮುಟ್ಟಿಸುವುದು. ಸತ್ಯ ಹೇಳುತ್ತೇನೆ, ನನಗೆ ಅದರ ಅಮಲು ಹತ್ತಿತ್ತು. ನೈಟ್ ಸ್ಕೂಲಿನ ಹಿಂದಿನ ಬೆಂಚಿನಲ್ಲಿ ತೂಕಡಿಸಿದವನು ಇಸ್ತ್ರಿ ಅಂಗಿ ಹಾಕಿ ಬಿಳಿ ಟೀಚರಿನ ಪಕ್ಕ ನಿಂತಿದ್ದೇನೆ, ಎಪ್ಪತ್ತನಾಲ್ಕು ಮಕ್ಕಳು ನನ್ನ ಬಾಯಿ ನೋಡುತ್ತಿದ್ದಾರೆ. ಹೆಂಡತಿ ಸುಮತಿ, "ಮದುಮಗನ ಹಾಗೆ ಹೊರಡುತ್ತೀರಲ್ಲ ಮಾರಾಯ್ರೆ" ಎಂದು ತಮಾಷೆ ಮಾಡುತ್ತಿದ್ದಳು.

ಕೆಟ್ಟದ್ದು ಶುರುವಾದದ್ದು ಒಂದು ಕೊಡೆಯಿಂದ. ರೂತ್ ಮಿಸ್ ಕೊಡೆ ಎತ್ತಿ ಹಿಡಿದು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಹಿಂದಿನ ದಿನವಷ್ಟೇ ಹೇಳಿಕೊಟ್ಟದ್ದು. ಅವರ ಮುಖ ಬಾಡಿತು. ನನಗೆ ತಡೆಯಲಿಲ್ಲ. ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುವ ನೆಪದಲ್ಲಿ, "ಇದು ಏನು ಅಂತ ಕೇಳ್ತಿದ್ದಾರೆ, ದಿಸ್ ಈಸ್ ಆನ್ ಅಂಬ್ರೆಲ್ಲಾ ಅಂತ ಎಲ್ಲರೂ ಜೋರಾಗಿ ಹೇಳಿ" ಅಂದೆ. ಇಂಗ್ಲಿಷ್ ಶಬ್ದಗಳನ್ನು ಕನ್ನಡದ ಓಟದಲ್ಲೇ ಸೇರಿಸಿಬಿಟ್ಟಿದ್ದೆ, ತಗಡಿನ ಸದ್ದಿನಲ್ಲಿ ಮಿಸ್ ಕಿವಿಗೆ ಅವು ಬೇರೆಯಾಗಿ ಬೀಳಲಿಲ್ಲ. ಹಾಲಿನ ಮಾಡು ಹಾರಿಹೋಗುವ ಹಾಗೆ ಕೂಗಿದರು. ಮಿಸ್ ಮುಖ ಅರಳಿತು. ಗಿರಾಕಿಯ ಮುಖ ಅರಳಿದಾಗ ಮಾಲು ತೋರಿಸುವುದನ್ನು ನಿಲ್ಲಿಸಬಾರದು, ಇದು ನನ್ನ ಮೂವತ್ತು ವರ್ಷದ ಧಂಧೆಯ ಅಭ್ಯಾಸ. ಮರುದಿನ ಮತ್ತೆ ಮಾಡಿದೆ. ವಾರ ಕಳೆಯುವಷ್ಟರಲ್ಲಿ ಅದೇ ರೂಢಿಯಾಯಿತು. ಮಕ್ಕಳಿಗೂ ಸುಲಭ. ಅವರು ಮಿಸ್ ಕಡೆ ನೋಡುವುದನ್ನೇ ಬಿಟ್ಟರು, ನನ್ನ ತುಟಿ ನೋಡಿದರೆ ಸಾಕಿತ್ತು. ನನ್ನ ಕುಂದಾಪುರದ ಕನ್ನಡವನ್ನು ಅಣಕಿಸುತ್ತ, ಖುಷಿಯಿಂದ ಕೂಗುತ್ತಿದ್ದರು.

ಕೂಗದೆ ಕೂತವಳು ಒಬ್ಬಳು. ನೀಲವ್ವ, ಆರನೇ ಕ್ಲಾಸು, ಮುದ್ದೇಬಿಹಾಳ ಕಡೆಯವಳು. ಅಪ್ಪ ಸತ್ತಿದ್ದ, ಅವ್ವ ಯಲ್ಲವ್ವ ಹತ್ತಿರದಲ್ಲೇ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಹುಡುಗಿ ಕಿಟಕಿ ಪಕ್ಕ ಕೂತು ಮಿಸ್ ಬಾಯಿಯನ್ನೇ ನೋಡುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಮಿಸ್ ಕೊಡೆಯನ್ನು ತಾನು ಹಿಡಿದು, ಗೇಟಿನಿಂದ ಟ್ಯಾಕ್ಸಿ ಸಿಗುವ ನಾಲ್ಕು ರಸ್ತೆಯ ನಾಕಾದವರೆಗೆ ಜೊತೆಗೆ ನಡೆಯುತ್ತಿದ್ದಳು. ಅಷ್ಟರಲ್ಲಿ ಇಬ್ಬರೂ ಕೈಸನ್ನೆಯಲ್ಲಿ ಏನೇನೋ ಮಾತಾಡುತ್ತಿದ್ದರು. ಮಳೆ, ಬಸ್ಸು, ಕಾಗೆ, ಹಸಿವು, ಹೇಳು, ಕೇಳು. ದಿನಕ್ಕೆ ಮೂರು ನಾಲ್ಕು ಶಬ್ದ ಅವಳ ಪಾಲಿಗೆ ಸಿಗುತ್ತಿತ್ತು. ಒಂದು ದಿನ ನನ್ನನ್ನು ಮೆಟ್ಟಿಲಲ್ಲಿ ತಡೆದು ಕೇಳಿದಳು.

"ಸರ್, ನೀವು ಮೊದಲ ಹೇಳಿದ್ರ ನಮಗ ಹೆಂಗ್ ಗೊತ್ತಾಗಬೇಕ್ರಿ?"

"ಏನು ಗೊತ್ತಾಗಬೇಕು?"

"ನಮಗ ಗೊತ್ತೈತೋ ಇಲ್ಲೋ ಅಂತ."

ನಾನು ನಕ್ಕು ತಲೆ ಸವರಿ, ಮೊದಲು ಬಾಯಿಪಾಠ ಬರಲಿ, ಅರ್ಥ ಹಿಂದಿನಿಂದ ತಾನೇ ಬರುತ್ತದೆ ಎಂದು ಹೇಳಿ ಕಳಿಸಿದೆ. ನಾನು ಇಂಗ್ಲಿಷ್ ಕಲಿತದ್ದು ಹಾಗಲ್ಲ. ತಪ್ಪು ತಪ್ಪಾಗಿ ಮಾತಾಡಿ, ಬೈಸಿಕೊಂಡು ಕಲಿತವ. ಅದು ಆಗ ನೆನಪಾಗಲಿಲ್ಲ.

ಸೆಪ್ಟೆಂಬರಿನಲ್ಲಿ, ಗಣಪತಿ ಕಳಿಸಿದ ಮುಂದಿನ ವಾರ, ಸಂಸ್ಥೆಯ ಇಬ್ಬರು ನೋಡಲು ಬರುತ್ತಾರೆ ಎಂದು ಫೋನು ಬಂತು. ನಾನು ತಯಾರಿಗೆ ಇಳಿದೆ. ಮಿಸ್ ಇಲ್ಲದ ಶನಿವಾರ ಮಕ್ಕಳನ್ನು ಕೂರಿಸಿ, ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ ಕೂಗಿಸಿದೆ. ನನ್ನ ಅಂಗಡಿಯಲ್ಲೇ ಎಪ್ಪತ್ತನಾಲ್ಕು ಸರ್ಟಿಫಿಕೇಟು ಪ್ರಿಂಟ್ ಮಾಡಿಸಿದೆ. ಬಂಗಾರದ ಅಂಚು, 'ಇಂಗ್ಲಿಷ್ ಕೋರ್ಸನ್ನು ಉತ್ತಮವಾಗಿ ಮುಗಿಸಿದ್ದಾರೆ' ಎಂದು ಇಂಗ್ಲಿಷಿನಲ್ಲಿ. ತೀರಾ ತಡವರಿಸುವ ಹದಿನಾಲ್ಕು ಮಕ್ಕಳನ್ನು ಆ ದಿನ ಬಾಲವಾಡಿ ಕೋಣೆಯಲ್ಲಿ ಚಿತ್ರ ಬರೆಯಲು ಕೂರಿಸಿ ಎಂದು ಕುಲಕರ್ಣಿ ಟೀಚರಿಗೆ ಹೇಳಿದೆ. ಅವರು ಧಾರವಾಡದವರು, ಮೆತ್ತಗೆ ಮಾತಾಡುವವರು.

"ಶೇಖರ್ ಅವರ, ಇದು ಬ್ಯಾಡ್ರಿ. ಇದ್ದದ್ದ ಇದ್ದಂಗ ತೋರಸೋಣು," ಅಂದರು.

ನಾನು ಅವರಿಗೆ ವ್ಯಾಪಾರ ಕಲಿಸಲು ಕೂತೆ. ಬುಟ್ಟಿಯಲ್ಲಿ ಒಳ್ಳೆಯ ಹಣ್ಣು ಮೇಲೆ ಇಡದವನು ಸಂಜೆ ಪೂರ್ತಿ ಬುಟ್ಟಿ ಹೊತ್ತು ಮನೆಗೆ ಹೋಗುತ್ತಾನೆ ಎಂದೆಲ್ಲ ವಿವರಿಸಿದೆ. ನಾಲ್ಕು ಶಾಲೆಯಲ್ಲಿ ಒಂದಕ್ಕೆ ಸಿಗುವುದು, ನಮ್ಮದು ಬಿಟ್ಟುಹೋದರೆ ಮಕ್ಕಳಿಗೆ ಯಾರು ಜವಾಬ್ದಾರಿ ಎಂದು ಗದರಿಸಿದಂತೆಯೂ ಮಾತಾಡಿದೆ. ಅವರು ಹದಿನಾಲ್ಕು ಹೆಸರು ಬರೆದುಕೊಂಡರು. ಕಮಿಟಿಯವನ ಎದುರು ಎಷ್ಟು ಮಾತಾಡಿಯಾರು?

ಬಂದವರು ಒಬ್ಬ ಗಂಡಸು, ಒಬ್ಬ ಹೆಂಗಸು. ಕನ್ನಡ ಬಾರದವರು. ಹಾಲಿನ ಹಿಂದಿನ ಗೋಡೆಗೆ ಕುರ್ಚಿ ಹಾಕಿ ಕೂರಿಸಿದೆವು. ಆ ದಿನ ಮಳೆ ಹೇಗೆ ಹೊಯ್ಯುತ್ತಿತ್ತೆಂದರೆ ತಗಡಿನ ಕೆಳಗೆ ಮುಂದಿನ ಸಾಲಿನ ಮಾತು ಹಿಂದಿನ ಸಾಲಿಗೆ ಕೇಳದು. ಕ್ಲಾಸಿನಲ್ಲಿ ಜಾಗ ಖಾಲಿ ಕಂಡು ಉಳಿದವರೆಲ್ಲಿ ಎಂದು ಮಿಸ್ ಕೇಳಿದರು. ಮಲೇರಿಯಾದ ಸೀಸನ್ನು ಅಂದೆ. ಪಾಠ ಶುರುವಾಯಿತು. ಮಿಸ್ ಪ್ರಶ್ನೆ, ನನ್ನ ಕನ್ನಡ, ಮಕ್ಕಳ ಕೂಗು. ಒಂದೂ ತಪ್ಪಿಲ್ಲ. ಬಂದವರು ಬರೆದುಕೊಳ್ಳುತ್ತಿದ್ದರು, ತಲೆಯಾಡಿಸುತ್ತಿದ್ದರು. ಮನಸ್ಸಿನಲ್ಲೇ ನಾನು ಎರಡು ವರ್ಷದ ಟೀಚರನ್ನು ಮನೆಗೆ ತಂದಾಗಿತ್ತು.

ಆಗ ರೂತ್ ಮಿಸ್ ನನ್ನ ಪಟ್ಟಿಯಲ್ಲಿಲ್ಲದ ಒಂದು ಕೆಲಸ ಮಾಡಿದರು. ನೀಲವ್ವನನ್ನು ಎಬ್ಬಿಸಿ, ಏನಾದರೂ ಸರಿ, ನಿನಗೆ ಅನ್ನಿಸಿದ್ದನ್ನು ನೀನೇ ಹೇಳು ಅಂದರು. ಕೊಡೆಯ ಕೆಳಗೆ ಕಲಿತ ನಾಲ್ಕು ಮಾತನ್ನು ಆಡಿ ತೋರಿಸಲಿ ಎಂಬ ಪ್ರೀತಿ ಅವರದು.

ನೀಲವ್ವ ಎದ್ದಳು. ಲಂಗದ ಅಂಚನ್ನು ಹಿಂಡುತ್ತ, "ಮಿಸ್... ಸರ್ ಟೆಲ್ಲಿಂಗ್..." ಅಂದಳು. ನಿಂತಳು. ಮತ್ತೆ "ಸರ್ ಟೆಲ್ಲಿಂಗ್, ವಿ..." ಮುಂದಿನ ಶಬ್ದ ಸಿಗಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ತೋಡಿದ ಬಾವಿಯಿಂದ ನೀರೆತ್ತಲು ಹಗ್ಗ ಕೇಳುವ ಹಾಗೆ ಕೇಳಿದಳು.

"ಉಳಿದದ್ದ ನೀವ ಹೇಳ್ರಿ ಸರ್, ನನಗ ಇಂಗ್ಲಿಷಿನ್ಯಾಗ ಬರಂಗಿಲ್ಲ. ಸರ್ ನಮಗ ಕನ್ನಡದಾಗ ಉತ್ತರ ಹೇಳಿಕೊಡ್ತಾರ, ನಾವು ಒದರ್ತೀವಿ. ನಮಗ ಏನೂ ಬರಂಗಿಲ್ಲ. ಮೊದಲಿಂದ ಕಲಸ್ರಿ ಅಂತ ಮಿಸ್‌ಗ ಹೇಳ್ರಿ."

ನನ್ನ ಮೇಲಿನ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸು ಎಂದು ನನಗೇ ಒಪ್ಪಿಸಿದಳು. ನಾನು ಮುಟ್ಟಿಸುತ್ತೇನೆ ಎಂದು ನಂಬಿದ್ದಳು. ಸರ್ ಇರುವುದೇ ಅದಕ್ಕಲ್ಲವೇ?

ಹಿಂದೆ ಕೂತಿದ್ದ ಹೆಂಗಸು ಕಿವಿಗೆ ಕೈಯಿಟ್ಟು, ಹುಡುಗಿ ಏನನ್ನುತ್ತಾಳೆ ಎಂದು ಸನ್ನೆ ಮಾಡಿದರು. ಅಲ್ಲಿಯವರೆಗೆ ಮುಟ್ಟಲಿ ಎಂದು ರೂತ್ ಮಿಸ್ ತಲೆಯಿಂದ ಮೈಕು ತೆಗೆದು ನನ್ನ ಕೈಗೆ ಕೊಟ್ಟರು. ಸ್ಪಂಜಿನಲ್ಲಿ ಲವಂಗದ ವಾಸನೆ. ನನಗೆ ಸಿಕ್ಕಿದ್ದು ಎರಡು ಉಸಿರಿನಷ್ಟು ಸಮಯ. ಆ ಎರಡು ಉಸಿರಿನಲ್ಲಿ ನಾನು ಏನೆಲ್ಲ ಲೆಕ್ಕ ಹಾಕಿದೆ ಎಂದು ಬರೆಯಲು ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಅವಳು ಹೇಳುತ್ತಾಳೆ, ಸರ್ ಕನ್ನಡದಲ್ಲಿ ಹೇಳಿಕೊಡುತ್ತಾರೆ, ಮಿಸ್ ಮೊದಲಿನಿಂದ ಕಲಿಸಿದ್ದಾರೆ, ಈಗ ನಮಗೆ ಬರುತ್ತದೆ."

ನೋಡಿ, ಶಬ್ದಗಳೆಲ್ಲ ಅವಳದೇ. ಬಾಲ ಮಾತ್ರ ತಿರುಚಿದೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಸುಳ್ಳು ಹೇಳುವುದು ನನ್ನಂಥವನಿಗೆ ಮಾತ್ರ ಸಾಧ್ಯ.

ಬಂದವರು ಚಪ್ಪಾಳೆ ತಟ್ಟಿದರು. ರೂತ್ ಮಿಸ್ ಕಣ್ಣೊರೆಸಿಕೊಂಡರು. ಕುಲಕರ್ಣಿ ಟೀಚರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ. ತಲೆ ತಗ್ಗಿಸಿ ಹೊರಗೆ ಹೋದರು. ಇವೆಲ್ಲವನ್ನೂ ನಾನು ಹೇಗೋ ನುಂಗಿಕೊಂಡೇನು. ನುಂಗಲಾಗದ್ದು ಒಂದೇ. ಚಪ್ಪಾಳೆ ಕೇಳಿ ನೀಲವ್ವ, ತನ್ನ ಮಾತು ಮುಟ್ಟಿತು, ಅವರು ಒಪ್ಪಿದರು ಎಂದುಕೊಂಡಳು. ನನ್ನ ಕಡೆ ನೋಡಿ ನಕ್ಕಳು. ಥ್ಯಾಂಕ್ಯೂ ಸರ್ ಎಂದು ತುಟಿಯಲ್ಲೇ ಅಂದು ಕೂತಳು.

ಹತ್ತು ದಿನ ಬಿಟ್ಟು ಪತ್ರ ಬಂತು. ನಿಮ್ಮ ಶಾಲೆಯ ಮಕ್ಕಳ ಪ್ರಗತಿ ನೋಡಿ ಬಹಳ ಸಂತೋಷವಾಯಿತು. ಇಲ್ಲಿ ಇನ್ನು ನಮ್ಮ ಅಗತ್ಯ ಹೆಚ್ಚಿಲ್ಲ. ಆದುದರಿಂದ ಎರಡು ವರ್ಷದ ಟೀಚರನ್ನು ಹಾರ್ಬರ್ ರೈಲ್ವೆ ಲೈನಿನ ಆಚೆಯ ಇನ್ನೊಂದು ಶಾಲೆಗೆ ಕೊಡುತ್ತಿದ್ದೇವೆ, ಅಲ್ಲಿನ ಮಕ್ಕಳು ಬಹಳ ಹಿಂದಿದ್ದಾರೆ. ನಾನು ಹನ್ನೊಂದು ಪುಟದ ಫಾರ್ಮು ಹುಡುಕಿ ತೆಗೆದೆ. ಏಳನೇ ಪುಟದಲ್ಲಿತ್ತು: ಯಾವ ಶಾಲೆಗೆ ಅಗತ್ಯ ಹೆಚ್ಚೋ ಆ ಶಾಲೆಗೆ. ಕೊಳೆತ ಹಣ್ಣನ್ನು ಹುಡುಕಿಕೊಂಡು ಬರುವ ಗಿರಾಕಿಯನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮುಚ್ಚಿಟ್ಟ ಹದಿನಾಲ್ಕು ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರೆ ಸಾಕಿತ್ತು. ನೀಲವ್ವ ಹೇಳಿದ್ದನ್ನು ಹೇಳಿದ ಹಾಗೆ ಹೇಳಿದ್ದರೆ, ಅವಳು ಕೇಳಿದ್ದನ್ನು ಕೊಡಲೆಂದೇ ಬಂದವರು ಎದುರಿಗೇ ಕೂತಿದ್ದರು.

ಫೋನು ಮಾಡಿದೆ. ನಮ್ಮ ಮಕ್ಕಳಿಗೂ ಟೀಚರು ಬೇಕು ಅಂದೆ. ಆ ಕಡೆಯ ಹೆಂಗಸು ಮರ್ಯಾದೆಯಿಂದಲೇ, ನಾವು ನೋಡಿದ ಕ್ಲಾಸು ತುಂಬಾ ಚೆನ್ನಾಗಿತ್ತಲ್ಲ, ಅದರಲ್ಲಿ ಏನಾದರೂ ತಪ್ಪಿತ್ತೇ ಎಂದು ಕೇಳಿದರು. ಬಾಗಿಲು ತೆರೆದು ಹಿಡಿದಂಥ ಪ್ರಶ್ನೆ. ನಾನು ಅಲ್ಲಿಯೂ ಚೌಕಾಸಿಗೆ ಇಳಿದೆ. ಇಲ್ಲ ಇಲ್ಲ, ನಾಲ್ಕೈದು ಮಕ್ಕಳು ಮಾತ್ರ ಸ್ವಲ್ಪ ವೀಕು ಅಂದೆ. ನಾಲ್ಕೈದು ಮಕ್ಕಳಿಗೆ ಯಾರು ಕಡಲು ದಾಟಿಸಿ ಟೀಚರನ್ನು ಕಳಿಸುತ್ತಾರೆ?

ರೂತ್ ಮಿಸ್ ಅಕ್ಟೋಬರಿನಲ್ಲಿ ಹೊರಟರು. ತಮ್ಮ ಕೊಡೆಯನ್ನು ನೀಲವ್ವನಿಗೆ ಕೊಟ್ಟರು. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿ, ಟ್ಯಾಕ್ಸಿ ಹತ್ತುವ ಮೊದಲು ಒಂದು ಮಾತು ಕೇಳಿದರು. ಆ ದಿನ ಹುಡುಗಿ ಹೇಳಿದ್ದು ಬಹಳ ಉದ್ದ ಇತ್ತು, ನೀವು ಹೇಳಿದ್ದು ಚಿಕ್ಕದು, ನಿಮ್ಮ ಭಾಷೆ ಅಷ್ಟು ಉದ್ದವೇ?

"ಹೌದು ಮಿಸ್, ನಮ್ಮ ಭಾಷೆ ಸ್ವಲ್ಪ ಉದ್ದ," ಅಂದೆ.

ಅವರು ನನ್ನ ಮುಖವನ್ನು ನೋಡುತ್ತಲೇ ಇದ್ದರು. ಆಮೇಲೆ ಟ್ಯಾಕ್ಸಿ ಹೋಯಿತು.

ಅದಾದ ಮೇಲೆ ಶಾಲೆಗೆ ಹೋದಾಗೆಲ್ಲ ನೀಲವ್ವ ಮೆಟ್ಟಿಲ ಮೇಲೆ ಕಾದಿರುತ್ತಿದ್ದಳು. "ಮಿಸ್ ಯಾವಾಗ ಬರ್ತಾರ್ರಿ, ಮೊದಲಿಂದ ಕಲಸಾಕ?" ಮೊದಲ ಸಲ ದೀಪಾವಳಿ ಆದ ಮೇಲೆ ಅಂದೆ. ಆಮೇಲೆ ನಾನೇ ಶಾಲೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಹನ್ನೆರಡು ವರ್ಷದ ಹುಡುಗಿಯ ಕಣ್ಣು ತಪ್ಪಿಸಲು, ಆಫೀಸಿಗೆ ಹಿಂದಿನ ಗೇಟಿನಿಂದ ಬರುವ ಕಮಿಟಿ ಮೆಂಬರು ನಾನು.

ಡಿಸೆಂಬರಿನಲ್ಲಿ ಬಿಲ್ಡಿಂಗ್ ಮುಗಿಯಿತು. ಯಲ್ಲವ್ವ ಮಗಳ ಶಾಲೆ ಬಿಡುವ ಸರ್ಟಿಫಿಕೇಟು, ಎಲ್‌ಸಿ ಕೇಳಲು ಬಂದಳು. ಕೆಲಸ ಪನ್ವೇಲ್ ಕಡೆ ಸಿಕ್ಕಿದೆಯಂತೆ. ಆ ದಿನ ಆಫೀಸಿನಲ್ಲಿ ನಾನೇ ಇದ್ದೆ. ಸಿಮೆಂಟು ಮೆತ್ತಿದ ಕೈಯಿಂದ ಸೆರಗಿನೊಳಗಿನ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಬಂಗಾರದ ಅಂಚಿನ ನನ್ನ ಸರ್ಟಿಫಿಕೇಟು. ಕೂಲಿ ದುಡ್ಡಿನಲ್ಲಿ ಲ್ಯಾಮಿನೇಷನ್ ಮಾಡಿಸಿದ್ದಳು.

"ಅಲ್ಲಿ ಕನ್ನಡ ಸಾಲಿ ಇಲ್ಲಂತ್ರಿ, ಮರಾಠಿ ಸಾಲಿಗೆ ಹಾಕಬೇಕು. ಇದನ್ನ ತೋರಿಸಿದ್ರ ಅಕಿಗೆ ಇಂಗ್ಲಿಷ್ ಬರ್ತೈತಿ ಅಂತ ತಗೋತಾರಲ್ರಿ ಸರ?"

ಹೊರಗೆ ಗೋಡೆಗೆ ಒರಗಿ ನೀಲವ್ವ ನಿಂತಿದ್ದಳು. ಮಳೆಯಿಲ್ಲದ ಡಿಸೆಂಬರಿನಲ್ಲೂ ಕೈಯಲ್ಲಿ ಆ ಕೊಡೆ. ಈ ಸಲ ಅವಳು ಏನೂ ಕೇಳಲಿಲ್ಲ.

ತಗೋತಾರಮ್ಮ, ಖಂಡಿತ ತಗೋತಾರೆ ಅಂದೆ.

ಈ ಜೂನಿನಲ್ಲಿ ಮೈಕನ್ನು ಕಪಾಟಿನಿಂದ ಮನೆಗೆ ತಂದ ದಿನ ಸುಮತಿ ಎಷ್ಟಕ್ಕೆ ತಂದದ್ದು ಅಂತ ಕೇಳಿದಳು, ಅವಳ ಮಾಮೂಲು ಪ್ರಶ್ನೆ. ಎಂಟುನೂರ ಐವತ್ತು ಅಂದು, ಉಳಿದದ್ದನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ಆ ಹುಡುಗಿ ಹೇಳಿದ್ದನ್ನು ಈಗಲಾದರೂ ಹೇಳಿಬಿಡಿ" ಅಂದಳು. ಮಿಸ್ ಇಮೇಲ್ ವಿಳಾಸ ನನ್ನ ಹಳೆಯ ಡೈರಿಯಲ್ಲಿತ್ತು. ನಾಲ್ಕು ದಿನ ಕೂತು ಬರೆದೆ. ನನ್ನ ಕಾರಣಗಳನ್ನೆಲ್ಲ ಬರೆದು, ಹೊಡೆದು ಹಾಕಿ, ಕೊನೆಗೆ ಉಳಿದದ್ದು ನೀಲವ್ವನ ಆ ಐದಾರು ವಾಕ್ಯ, ಹೇಳಿದ ಹಾಗೆಯೇ, ಮತ್ತು ಕೆಳಗೆ, ಇದನ್ನು ಹೇಳದೆ ಇದ್ದವನು ನಾನು, ಎಂದು ಒಂದು ಸಾಲು.

ಮೂರನೇ ದಿನ ಉತ್ತರ ಬಂತು. ಬೈಗುಳ ಇರಲಿಲ್ಲ, ಕ್ಷಮಿಸಿದೆ ಎಂದೂ ಇರಲಿಲ್ಲ. "ಅವಳು ಈಗ ಎಲ್ಲಿದ್ದಾಳೆ? ಮೊದಲಿನಿಂದ ಕಲಿಸಲು ನಾನು ತಯಾರಿದ್ದೇನೆ. ಫೋನಿನಲ್ಲಾದರೂ ಸರಿ."

ನಾನು ಎಲ್‌ಸಿ ರಿಜಿಸ್ಟರ್ ತೆಗೆಸಿದೆ. ಶಾಲೆ ಬಿಟ್ಟ ಕಾರಣದ ಎದುರು 'ಪನ್ವೇಲ್ ಕಡೆ' ಎಂದಷ್ಟೇ ಇದೆ. ಬರೆದ ಅಕ್ಷರ ನನ್ನದೇ. ಫೋನ್ ನಂಬರಿನ ಜಾಗ ಖಾಲಿ. ಯಲ್ಲವ್ವ ಎದುರಿಗೇ ನಿಂತಿದ್ದಳು, ಕೇಳಿದ್ದರೆ ಹೇಳುತ್ತಿದ್ದಳು, ಬೇಗ ಹೋಗಲಿ ಎಂದು ನಾನು ಕೇಳಿರಲಿಲ್ಲ. ಜುಲೈಯ ಮೂರು ಭಾನುವಾರ ಪನ್ವೇಲ್, ಖಾರ್ಘರ್, ಉಲ್ವೆ ಎಂದು ಸೈಟು ಸೈಟು ಅಲೆದೆ. ಮುದ್ದೇಬಿಹಾಳದವರು ಸಿಕ್ಕಿದರು, ಯಲ್ಲವ್ವಂದಿರೂ ಇಬ್ಬರು ಸಿಕ್ಕಿದರು. ನಮ್ಮ ಯಲ್ಲವ್ವ ಸಿಗಲಿಲ್ಲ.

ಬುದ್ಧಿ ಹೇಳುವ ಚಟ ನನ್ನದು, ಹೇಳದೆ ಮುಗಿಸಲಾರೆ. ಮೈಕು ಕೊಳ್ಳುವುದಾದರೆ ಅಂಗಡಿಯಲ್ಲೇ ಹತ್ತು ನಿಮಿಷ ಮಾತಾಡಿ ನೋಡಿ, ಅರ್ಧ ಬೆಲೆಯಿಂದ ಶುರುಮಾಡಿ, ನಿಜವಾಗಿಯೂ ರಸ್ತೆ ದಾಟಿ. ನಿಮ್ಮ ಮಕ್ಕಳ ಶಾಲೆಗೆ ಹೊರಗಿನ ಟೀಚರು ಬರುವುದಾದರೆ ಫಾರ್ಮನ್ನು ಏಳನೇ ಪುಟದ ಸಹಿತ ಓದಿ. ನೋಡಲು ಬಂದವರ ಎದುರು ಬಾರದ ಮಕ್ಕಳನ್ನು ಮುಂದೆ ಕೂರಿಸಿ. ದೊಡ್ಡ ಕ್ಲಾಸಿನಲ್ಲಿ ದುಭಾಷಿಯಾಗಿ ನಿಲ್ಲುವ ಪ್ರಸಂಗ ಬಂದರೆ ಮಕ್ಕಳ ಬೆನ್ನ ಹಿಂದೆ ನಿಲ್ಲಿ, ಅವರ ಕಣ್ಣು ಟೀಚರಿನ ಬಾಯಿಯ ಮೇಲಿರಲಿ. ಅವರು ಸುಮ್ಮನಿದ್ದರೆ ಇರಲಿ, ಆ ಮೌನವನ್ನು ಟೀಚರು ಕೇಳಿಸಿಕೊಳ್ಳಲಿ. ಊರು ಬಿಡುವ ಮಗುವಿನ ಫೋನ್ ನಂಬರು ಬರೆದಿಟ್ಟುಕೊಳ್ಳಿ.

ಕಡೆಯದು ನಿಮ್ಮಿಂದ ಆಗಬೇಕಾದ ಕೆಲಸ. ಪನ್ವೇಲ್ ಕಡೆಯ ಯಾವುದಾದರೂ ಮರಾಠಿ ಶಾಲೆಯಲ್ಲಿ ಹದಿನೈದರ ಆಸುಪಾಸಿನ, ಕನ್ನಡ ಬಲ್ಲ, ಪರದೇಶದ ಹಳೆಯ ಕೊಡೆ ಹಿಡಿದು ಬರುವ ಹುಡುಗಿ ಕಂಡರೆ ನೀಲವ್ವನೇ ಎಂದು ಕೇಳಿ. ಹೌದಾದರೆ, ಅವಳು ಹೇಳಿದ್ದನ್ನು ಸರ್ ಆ ದಿನ ಮುಟ್ಟಿಸಲಿಲ್ಲ, ಈಗ ಮುಟ್ಟಿಸಿದ್ದಾರೆ, ಮೊದಲಿನಿಂದ ಕಲಿಸಲು ಮಿಸ್ ಕಾದಿದ್ದಾರೆ ಎಂದು ಹೇಳಿ. ಮೊದಲ ಭಾಗ ಹೇಳಲು ನಿಮಗೆ ಮುಜುಗರವಾಗಬಹುದು. ಬಿಡಬೇಡಿ, ಅದನ್ನೇ ಮೊದಲು ಹೇಳಿ.